ತಪ್ಪಿದ ಪಾಸ್‌ವರ್ಡ್‌ಗಳನ್ನು ಎಣಿಸುತ್ತಿದ್ದ ವರ್ಷಗಳು

ಮೇಲ್ ಸರ್ವರ್ ನೋಡಿಕೊಳ್ಳುವವರ ಒಂದು ಇಡೀ ತಲೆಮಾರು ಬೆಳಗಿನ ಹೊತ್ತು ಮೊದಲು ತೆರೆಯುತ್ತಿದ್ದದ್ದು ಲಾಗ್ ಫೈಲನ್ನು. ನಾನೂ ಆ ತಲೆಮಾರಿನವನೇ. ರಾತ್ರಿಯೆಲ್ಲ ಯಾರು ಯಾರೋ ನಮ್ಮ ಸರ್ವರಿನ ಬಾಗಿಲು ತಟ್ಟಿರುತ್ತಿದ್ದರು. ‘ಇನ್ಫೋ’, ‘ಅಡ್ಮಿನ್’, ‘ಸೇಲ್ಸ್’, ‘ಟೆಸ್ಟ್’, ‘ಸ್ಕ್ಯಾನರ್’ ಎಂಬ ಹೆಸರುಗಳಿಗೆ ಒಂದಾದ ಮೇಲೊಂದು ಪಾಸ್‌ವರ್ಡ್ ಕೊಟ್ಟು ನೋಡಿ, ತಪ್ಪಿ, ಮತ್ತೆ ಕೊಟ್ಟು ನೋಡಿದ್ದರ ಗುರುತು ಸಾಲು ಸಾಲಾಗಿ ಉಳಿದಿರುತ್ತಿತ್ತು. ಮೇಲ್ ಸಾಗಿಸುವ ಪೋಸ್ಟ್‌ಫಿಕ್ಸ್ ತಂತ್ರಾಂಶ ಬರೆಯುವ ಅಂಥ ಸಾಲುಗಳ ಕೊನೆಯಲ್ಲಿ ಅರ್ಥವಾಗದ ಅಕ್ಷರಗಳ ಒಂದು ಗೋಜಲು ಇರುವುದುಂಟು. ಯಾರದೋ ಪಾಸ್‌ವರ್ಡ್ ಸೋರಿಹೋಗಿದೆ ಎಂದು ಹೊಸಬರು ಅದನ್ನು ನೋಡಿ ಗಾಬರಿಯಾಗುತ್ತಿದ್ದರು. ಅದು ‘ಪಾಸ್‌ವರ್ಡ್’ ಎಂದು ಸರ್ವರ್ ತಾನೇ ಕೇಳುವ ಮಾತಿನ ಸಂಕೇತರೂಪ, ಅಷ್ಟೇ. ನಿನ್ನೆಗಿಂತ ಇವತ್ತು ಸಾಲುಗಳು ಹೆಚ್ಚಾಗಿದ್ದರೆ ಆತಂಕ, ಕಡಿಮೆಯಾಗಿದ್ದರೆ ಸಮಾಧಾನ. ಹೀಗೆ ತಪ್ಪಿದ ಪ್ರಯತ್ನಗಳನ್ನು ಎಣಿಸಿ, ಮಿತಿ ಮೀರಿದ ಐಪಿ ವಿಳಾಸಗಳನ್ನು ತಡೆಹಿಡಿಯುವುದೇ ರಕ್ಷಣೆಯ ದೊಡ್ಡ ಭಾಗ ಎಂಬ ನಂಬಿಕೆ ನಮ್ಮ ಕಸುಬಿನಲ್ಲಿ ಬೇರೂರಿತ್ತು. ಆ ನಂಬಿಕೆಯನ್ನು ಈಗ ತೂಗಿ ನೋಡಬೇಕಾಗಿದೆ. ಎಣಿಸುವ ಕೆಲಸ ಬೇಕು, ಅದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಸರ್ವರಿಗೆ ಅಪಾಯ ಬರುವುದು ಸೋತ ಸಾವಿರ ಪ್ರಯತ್ನಗಳಿಂದಲ್ಲ, ಗೆದ್ದ ಒಂದರಿಂದ. ಆ ಒಂದು ಗೆಲುವು ನಾವು ಎಣಿಸುತ್ತಿದ್ದ ಸಾಲುಗಳಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಇಷ್ಟೊಂದು ಮಂದಿ ಮೇಲ್ ಸರ್ವರಿನ ಬಾಗಿಲು ತಟ್ಟುವುದಾದರೂ ಯಾಕೆ? ಇದಕ್ಕೆ ಉತ್ತರ ಇಮೇಲಿನ ಹುಟ್ಟಿನಲ್ಲಿಯೇ ಇದೆ. 1982ರಲ್ಲಿ ಜಾನ್ ಪೋಸ್ಟೆಲ್ ಬರೆದ, ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮಾವಳಿಯಲ್ಲಿ ಲಾಗಿನ್ ಎಂಬುದೇ ಇರಲಿಲ್ಲ. ಯಾರು ಯಾವ ಸರ್ವರಿಗೆ ಪತ್ರ ಒಪ್ಪಿಸಿದರೂ ಅದು ತೆಗೆದುಕೊಂಡು ಮುಂದಕ್ಕೆ ಸಾಗಿಸುತ್ತಿತ್ತು. ಜಾಲ ಚಿಕ್ಕದಿದ್ದಾಗ, ಬಳಸುವವರು ಬಹುಪಾಲು ವಿಶ್ವವಿದ್ಯಾಲಯ ಮತ್ತು ಸಂಶೋಧನಾಲಯಗಳವರಾಗಿದ್ದಾಗ ಅದು ಸರಿಯಾದ ವ್ಯವಸ್ಥೆಯೇ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1986ರಲ್ಲಿ ಶುರುವಾದ ಅರ್ನೆಟ್ ಎಂಬ ಶೈಕ್ಷಣಿಕ ಜಾಲದ ಮೊದಲ ಸಂಸ್ಥೆಗಳಲ್ಲಿ ಒಂದು; ಆಗಿನ ಜಾಲದ ಒಳಗೆ ಪರಸ್ಪರ ನಂಬಿಕೆಗೆ ಕೊರತೆ ಇರಲಿಲ್ಲ. 1995ರ ಆಗಸ್ಟ್ 15ರಂದು ಭಾರತದಲ್ಲಿ ಇಂಟರ್‌ನೆಟ್ ಸಾರ್ವಜನಿಕರಿಗೆ ಸಿಗುವ ಹೊತ್ತಿಗೆ ಜಗತ್ತಿನ ಬೇರೆ ಕಡೆ ಆ ನಂಬಿಕೆಯ ದುರುಪಯೋಗ ಆರಂಭವಾಗಿತ್ತು. ಬಾಗಿಲು ತೆರೆದಿಟ್ಟ ಸರ್ವರುಗಳ ಮೂಲಕ ಸ್ಪ್ಯಾಮ್ ಹರಿಯತೊಡಗಿದಾಗ, 1997ರಲ್ಲಿ ಪಾಲ್ ವಿಕ್ಸಿ ಮತ್ತು ಜೊತೆಗಾರರು ಅಂಥ ವಿಳಾಸಗಳ ಕಪ್ಪುಪಟ್ಟಿಯನ್ನು ಹೊರತಂದರು. ಪಟ್ಟಿಗೆ ಬಿದ್ದವರ ಮೇಲ್ ಎಷ್ಟೋ ಕಡೆ ತಲುಪದಾಯಿತು. ಸರ್ವರುಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. ತಮ್ಮವರಿಗೆ ಮಾತ್ರ ಪತ್ರ ಕಳಿಸಲು ಅವಕಾಶ ಕೊಡಬೇಕಾದರೆ ತಮ್ಮವರು ಯಾರೆಂದು ಕೇಳಬೇಕಲ್ಲ, ಅದಕ್ಕಾಗಿ 1999ರಲ್ಲಿ ಎಸ್‌ಎಂಟಿಪಿಗೆ ಲಾಗಿನ್ ವಿಧಾನ ಸೇರಿತು. ಅಲ್ಲಿಂದ ಮುಂದೆ ಸ್ಪ್ಯಾಮ್ ಕಳಿಸುವವನಿಗೆ ತೆರೆದ ಸರ್ವರ್ ಸಿಗುವುದು ಕಷ್ಟವಾಯಿತು. ಒಳ್ಳೆಯ ಹೆಸರಿರುವ ಸರ್ವರಿನ ಒಂದು ಖಾತೆಯ ಪಾಸ್‌ವರ್ಡ್ ಬೆಲೆಬಾಳುವ ವಸ್ತುವಾಯಿತು. ಈಗ ಅದರ ಬೆಲೆ ಇನ್ನೂ ಏರಿದೆ. ಬ್ಯಾಂಕಿನಿಂದ ಹಿಡಿದು ತೆರಿಗೆ ಇಲಾಖೆಯವರೆಗೆ ಎಷ್ಟೋ ಕಡೆಯ ಪಾಸ್‌ವರ್ಡ್ ಮರೆತಾಗ ಹೊಸದು ಬರುವುದು ಮೇಲ್‌ಬಾಕ್ಸಿಗೇ. ಕಂಪನಿಯ ಲೆಕ್ಕಪತ್ರ ವಿಭಾಗದ ಮೇಲ್‌ಬಾಕ್ಸಿನೊಳಗೆ ಕುಳಿತವನು ಇನ್‌ವಾಯ್ಸಿನಲ್ಲಿರುವ ಬ್ಯಾಂಕ್ ಖಾತೆಯ ನಂಬರನ್ನು ಬದಲಿಸಿ ಲಕ್ಷಗಟ್ಟಲೆ ಹಣ ತಿರುಗಿಸಿಕೊಳ್ಳಬಲ್ಲ.

ಪಾಸ್‌ವರ್ಡನ್ನು ಊಹಿಸುವ ವಿದ್ಯೆಯೂ ಹೊಸದೇನಲ್ಲ. 1979ರಲ್ಲಿ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಬೆಲ್ ಲ್ಯಾಬ್ಸ್‌ನಿಂದ ಪ್ರಕಟಿಸಿದ ಲೇಖನದಲ್ಲಿ 3,289 ಪಾಸ್‌ವರ್ಡ್‌ಗಳ ಲೆಕ್ಕವಿದೆ. ಅವುಗಳಲ್ಲಿ 2,831, ಅಂದರೆ ನೂರಕ್ಕೆ 86, ತೀರಾ ಚಿಕ್ಕವು ಅಥವಾ ನಿಘಂಟು, ಹೆಸರಿನ ಪಟ್ಟಿಗಳಲ್ಲಿ ಸಿಗುವಂಥವು. ಇದೇ ಮಾರಿಸರ ಮಗ 1988ರ ನವೆಂಬರ್ 2ರಂದು ಇಂಟರ್‌ನೆಟ್ಟಿಗೆ ಬಿಟ್ಟ ‘ವರ್ಮ್’ ಮೇಲ್ ಸಾಗಿಸುವ ಸೆಂಡ್‌ಮೇಲ್ ತಂತ್ರಾಂಶದ ಒಂದು ದೋಷವನ್ನು ಬಳಸಿದ್ದಲ್ಲದೆ, 432 ಪದಗಳ ಪಟ್ಟಿಯೊಂದನ್ನು ತನ್ನೊಳಗೇ ಹೊತ್ತು ಪಾಸ್‌ವರ್ಡ್‌ಗಳನ್ನು ಊಹಿಸುತ್ತಿತ್ತು. 2009ರ ಡಿಸೆಂಬರ್‌ನಲ್ಲಿ ರಾಕ್‌ಯೂ ಎಂಬ ತಾಣದಿಂದ 3.2 ಕೋಟಿ ಪಾಸ್‌ವರ್ಡ್‌ಗಳು ಸೋರಿದಾಗ ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಜನರದ್ದು ‘123456’, ಅದೊಂದನ್ನೇ 2.9 ಲಕ್ಷ ಮಂದಿ ಇಟ್ಟುಕೊಂಡಿದ್ದರು. ಮೂವತ್ತು ವರ್ಷ ಕಳೆದರೂ ಮನುಷ್ಯರ ಆಯ್ಕೆ ಹೆಚ್ಚು ಬದಲಾಗಿರಲಿಲ್ಲ. ನಮ್ಮ ಕಚೇರಿಗಳಲ್ಲಿ ಹೆಸರಿನ ಮುಂದೆ ಒಂದು ‘@’ ಮತ್ತು ‘123’ ಸೇರಿಸುವ ಪದ್ಧತಿ ಇದೆಯಷ್ಟೆ. ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಎಲ್ಲವೂ ಇರಲೇಬೇಕೆಂಬ ನಿಯಮವನ್ನು ಅದು ಅಚ್ಚುಕಟ್ಟಾಗಿ ಪಾಲಿಸುತ್ತದೆ. ಊಹಿಸುವವನ ಪಟ್ಟಿಯ ಮೊದಲ ಪುಟದಲ್ಲಿಯೂ ಇರುತ್ತದೆ.

ಈ ಪರಿಸ್ಥಿತಿಯಲ್ಲಿ ಫೇಲ್‌ಟುಬ್ಯಾನ್ ಎಂಬ ಪುಟ್ಟ ತಂತ್ರಾಂಶ ನಮ್ಮೆಲ್ಲರ ಬಲಗೈಯಾಗಿತ್ತು. ಸಿರಿಲ್ ಜಾಕಿಯೆ 2004ರಲ್ಲಿ ಪೈಥಾನ್ ಭಾಷೆಯಲ್ಲಿ ಬರೆಯಲು ಆರಂಭಿಸಿದ ಇದರ ಕೆಲಸದ ಕ್ರಮ ಬಹಳ ಸರಳ. ಲಾಗ್ ಫೈಲನ್ನು ಓದುತ್ತ ಹೋಗುತ್ತದೆ, ತಪ್ಪಿದ ಲಾಗಿನ್ನಿನ ಸಾಲು ಸಿಕ್ಕಾಗ ಅದರಲ್ಲಿರುವ ಐಪಿ ವಿಳಾಸವನ್ನು ಲೆಕ್ಕಕ್ಕೆ ಹಾಕಿಕೊಳ್ಳುತ್ತದೆ, 10 ನಿಮಿಷದೊಳಗೆ 5 ಸಲ ತಪ್ಪಿದರೆ ಆ ವಿಳಾಸವನ್ನು ಫೈರ್‌ವಾಲಿನಲ್ಲಿ 10 ನಿಮಿಷ ತಡೆಯುತ್ತದೆ. ಈ ಅಂಕಿಗಳು ಅದರ ಜೊತೆಯಲ್ಲಿ ಬರುವಂಥವು, ಬೇಕಾದಂತೆ ಬದಲಿಸಿಕೊಳ್ಳಬಹುದು. ಮೇಲಿಂದ ಮೇಲೆ ಸಿಕ್ಕಿಬೀಳುವ ವಿಳಾಸಗಳನ್ನು ತನ್ನದೇ ಲಾಗಿನಿಂದ ಹೆಕ್ಕಿ ಒಂದು ವಾರ ಹೊರಗಿಡುವ ಏರ್ಪಾಡೂ ಅದರಲ್ಲಿದೆ. ಮೇಲ್‌ಬಾಕ್ಸ್ ನೋಡಿಕೊಳ್ಳುವ ಡವ್‌ಕಾಟ್ ತಂತ್ರಾಂಶದ್ದು ಇನ್ನೊಂದು ದಾರಿ: ತಪ್ಪಿದವರಿಗೆ ಉತ್ತರವನ್ನು ತಡವಾಗಿ ಕೊಡುತ್ತದೆ, ಅದೇ ವಿಳಾಸ ಮತ್ತೆ ಮತ್ತೆ ತಪ್ಪಿದರೆ ಕಾಯುವ ಸಮಯವನ್ನು 15 ಸೆಕೆಂಡಿನವರೆಗೆ ಏರಿಸುತ್ತ ಹೋಗುತ್ತದೆ. ಇವೆಲ್ಲ ಉಪಯುಕ್ತವೇ, ಸಂಶಯವಿಲ್ಲ. ಒಂದು ಸರಳ ಲೆಕ್ಕ ಹಾಕೋಣ. ಫೇಲ್‌ಟುಬ್ಯಾನಿನ ಮೂಲ ಅಂಕಿಗಳೇ ಇದ್ದರೆ ಒಂದು ವಿಳಾಸದಿಂದ ದಿನಕ್ಕೆ ಹೆಚ್ಚೆಂದರೆ 720 ಊಹೆ ಮಾಡಬಹುದು. ಸಾವಿರ ವಿಳಾಸಗಳನ್ನು ಕೈಯಲ್ಲಿಟ್ಟುಕೊಂಡವನಿಗೆ 7.2 ಲಕ್ಷ ಊಹೆ ಸಿಗುತ್ತದೆ. ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಯಂತ್ರವೇ ಮನಬಂದಂತೆ ಆಯ್ದ 8 ಅಕ್ಷರದ ಪಾಸ್‌ವರ್ಡ್‌ಗಳ ಒಟ್ಟು ಸಂಖ್ಯೆ ಸುಮಾರು 20,882 ಕೋಟಿ. ಅವೆಲ್ಲವನ್ನೂ ಯತ್ನಿಸಿ ಮುಗಿಸಲು ಅವನಿಗೆ ಹತ್ತಿರ ಹತ್ತಿರ 800 ವರ್ಷ ಬೇಕು. ಆದರೆ ಜನ ಸಾಮಾನ್ಯವಾಗಿ ಇಡುವ ಸಾವಿರ ಪಾಸ್‌ವರ್ಡ್‌ಗಳ ಪಟ್ಟಿಯನ್ನು ಒಂದು ಖಾತೆಯ ಮೇಲೆ ಯತ್ನಿಸಲು ಅದೇ ಸಾವಿರ ವಿಳಾಸಗಳು ತಲಾ ಒಂದೇ ಒಂದು ಊಹೆ ಮಾಡಿದರೆ ಸಾಕು. ಯಾವ ವಿಳಾಸವೂ 5ರ ಮಿತಿ ಮುಟ್ಟುವುದಿಲ್ಲ, ಫೇಲ್‌ಟುಬ್ಯಾನ್ ಯಾರನ್ನೂ ತಡೆಯುವುದಿಲ್ಲ. ಒಂದೇ ಸರ್ವರ್, ಒಂದೇ ಮಿತಿ, ಒಂದೇ ದಾಳಿಕೋರ. ಎಂಟು ಶತಮಾನದ ಅಂತರವನ್ನು ತಂದದ್ದು ಪಾಸ್‌ವರ್ಡ್. ನನ್ನ ವಾದದ ತಿರುಳು ಈ ಲೆಕ್ಕದಲ್ಲಿದೆ.

ಸಾವಿರ ವಿಳಾಸ ಯಾರ ಕೈಯಲ್ಲಿರುತ್ತದೆ ಎಂದು 2004ರಲ್ಲಿ ಕೇಳಿದ್ದರೆ ಅದಕ್ಕೆ ಸ್ವಲ್ಪ ಅರ್ಥವಿತ್ತು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಕೇವಲ ಅರವತ್ತು ಚಿಲ್ಲರೆ ಹೆಸರು–ಪಾಸ್‌ವರ್ಡ್ ಜೋಡಿಗಳ ಪಟ್ಟಿ ಹಿಡಿದು ಲಕ್ಷಾಂತರ ಕ್ಯಾಮೆರಾ ಮತ್ತು ರೂಟರ್‌ಗಳನ್ನು ವಶಮಾಡಿಕೊಂಡ ಮೇಲೆ ಆ ಪ್ರಶ್ನೆ ಕೇಳುವಂತಿಲ್ಲ. ಮರುವರ್ಷ ಜುಲೈನಲ್ಲಿ ನಮ್ಮ ಕರ್ನಾಟಕದಲ್ಲಿಯೇ ಬ್ರಾಡ್‌ಬ್ಯಾಂಡ್ ಗ್ರಾಹಕರ ಸಾವಿರಾರು ಮೋಡೆಮ್‌ಗಳು, ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲವೆಂಬ ಕಾರಣಕ್ಕೆ ಕುತಂತ್ರಾಂಶಕ್ಕೆ ಸಿಕ್ಕಿ ಕೆಲಸ ನಿಲ್ಲಿಸಿದವು. ಆ ಸಲ ಅವು ಕೆಟ್ಟು ನಿಂತದ್ದರಿಂದ ಸುದ್ದಿಯಾಯಿತು. ಕೆಡದೆ, ಮನೆಯವರಿಗೆ ಗೊತ್ತಾಗದಂತೆ ಯಾರದೋ ಸರ್ವರಿನ ಮೇಲೆ ದಿನಕ್ಕೆ ನಾಲ್ಕು ಊಹೆ ಎಸೆಯುತ್ತ ಕುಳಿತ ಮೋಡೆಮ್ ಸುದ್ದಿಯಾಗುವುದಿಲ್ಲ. 2017ರ ಜೂನ್ 23ರಂದು ಬ್ರಿಟನ್ನಿನ ಪಾರ್ಲಿಮೆಂಟಿನ ಇಮೇಲ್ ವ್ಯವಸ್ಥೆಯ ಮೇಲೆ ಇಂಥದೇ ಊಹೆಯ ದಾಳಿ ಪತ್ತೆಯಾಯಿತು. ಸದಸ್ಯರು ಹೊರಗಿನಿಂದ ಮೇಲ್ ನೋಡುವ ಸೌಲಭ್ಯವನ್ನೇ ಅಲ್ಲಿನವರು ನಿಲ್ಲಿಸಬೇಕಾಯಿತು. ಸುಮಾರು 9,000 ಖಾತೆಗಳಲ್ಲಿ ಒಳಹೊಕ್ಕದ್ದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಅವೆಲ್ಲ ಸಂಸ್ಥೆಯ ಸೂಚನೆಗೆ ತಕ್ಕಂತಿಲ್ಲದ ದುರ್ಬಲ ಪಾಸ್‌ವರ್ಡಿನ ಖಾತೆಗಳು ಎಂದು ಅಧಿಕಾರಿಗಳೇ ಹೇಳಿದರು. ಇದಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುವುದು ಮೈಕ್ರೋಸಾಫ್ಟ್ 2024ರ ಜನವರಿಯಲ್ಲಿ ಪ್ರಕಟಿಸಿದ ಪ್ರಕರಣ. ಹಿಂದಿನ ನವೆಂಬರ್ ಕೊನೆಯಿಂದ ದಾಳಿಕೋರರು ಕೆಲವೇ ಖಾತೆಗಳ ಮೇಲೆ, ಎಣಿಕೆಗೆ ಸಿಗದಷ್ಟು ಕಡಿಮೆ ಸಂಖ್ಯೆಯ ಊಹೆಗಳನ್ನು, ಸಾಮಾನ್ಯರ ಮನೆಯ ಸಂಪರ್ಕಗಳ ಮೂಲಕ ಹಾಯಿಸಿ ಮಾಡಿದ್ದರು. ಕೊನೆಗೆ ತೆರೆದದ್ದು ಒಂದು ಹಳೆಯ ಪರೀಕ್ಷಾ ಖಾತೆ. ಅದಕ್ಕೆ ಎರಡನೇ ಹಂತದ ದೃಢೀಕರಣ ಇರಲಿಲ್ಲ. ಅಲ್ಲಿಂದ ಅವರು ಕಂಪನಿಯ ಹಿರಿಯ ಅಧಿಕಾರಿಗಳ ಮೇಲ್‌ಬಾಕ್ಸುಗಳವರೆಗೆ ನಡೆದುಹೋದರು. ತಪ್ಪಿದ ಲಾಗಿನ್ನುಗಳ ಸಂಖ್ಯೆಯನ್ನು ನೋಡುತ್ತ ಕುಳಿತಿದ್ದರೆ ಇಂಥ ದಾಳಿಯಲ್ಲಿ ಕಾಣುವುದು ಶಾಂತವಾದ ಒಂದು ದಿನ.

ಹಾಗಾದರೆ ಮಿತಿಯನ್ನು ಬಿಗಿ ಮಾಡಿದರಾಯಿತು, ಎರಡು ಸಲ ತಪ್ಪಿದವರನ್ನು ಒಂದು ತಿಂಗಳು ಹೊರಗಿಟ್ಟರಾಯಿತು ಎನ್ನುವವರಿದ್ದಾರೆ. ಬಿಗಿ ಮಾಡಿದಷ್ಟೂ ಪೆಟ್ಟು ಬೀಳುವುದು ನಮ್ಮವರಿಗೇ. ಐಪಿವಿ4 ವಿಳಾಸಗಳು ಒಟ್ಟು ಸುಮಾರು 430 ಕೋಟಿ ಮಾತ್ರ, ಆದ್ದರಿಂದ ಮೊಬೈಲ್ ಕಂಪನಿಗಳು ಸಾವಿರಾರು ಚಂದಾದಾರರನ್ನು ಒಂದೇ ವಿಳಾಸದ ಹಿಂದೆ ನಿಲ್ಲಿಸುತ್ತವೆ. ಒಂದು ವಠಾರದ ಎಲ್ಲ ಮನೆಗಳಿಗೂ ಬೀದಿಯ ಲೆಕ್ಕದಲ್ಲಿ ಒಂದೇ ಬಾಗಿಲ ನಂಬರ್ ಇದ್ದಂತೆ ಇದು. ಒಳಗಿನ ಒಬ್ಬ ತಪ್ಪು ಮಾಡಿದನೆಂದು ಆ ನಂಬರಿಗೆ ಬೀಗ ಹಾಕಿದರೆ ವಠಾರವಿಡೀ ಹೊರಗುಳಿಯುತ್ತದೆ. ಹುಬ್ಬಳ್ಳಿಯಲ್ಲಿ ಯಾರದೋ ಫೋನಿನಲ್ಲಿ ಹಳೆಯ ಪಾಸ್‌ವರ್ಡ್ ಉಳಿದಿದ್ದರೆ ಅದು ಐದೈದು ನಿಮಿಷಕ್ಕೆ ಸರ್ವರನ್ನು ಕೇಳಿ ತಪ್ಪುತ್ತಲೇ ಇರುತ್ತದೆ, ಅದೇ ವಿಳಾಸ ಹಂಚಿಕೊಂಡ ಸಹೋದ್ಯೋಗಿಗಳ ಮೇಲ್ ಯಾಕೆ ಬರುತ್ತಿಲ್ಲ ಎಂಬುದು ಯಾರಿಗೂ ಬೇಗ ತಿಳಿಯುವುದಿಲ್ಲ. ಡವ್‌ಕಾಟ್ ಬರೆದವರು ಇದನ್ನು ಯೋಚಿಸಿದ್ದಾರೆ ಎಂಬುದು ನನಗೆ ಮೆಚ್ಚುಗೆಯ ಸಂಗತಿ. ಅದೇ ಹೆಸರು, ಅದೇ ತಪ್ಪು ಪಾಸ್‌ವರ್ಡ್ ಮತ್ತೆ ಬಂದರೆ ಅದು ದಂಡದ ಸಮಯವನ್ನು ಏರಿಸುವುದಿಲ್ಲ. ಊಹಿಸುವವನು ಪ್ರತಿ ಸಲ ಬೇರೆಯದನ್ನು ಕೊಡುತ್ತಾನೆ, ಮರೆತ ಫೋನು ಒಂದನ್ನೇ ಕೊಡುತ್ತದೆ. ಹೊಸ ವಿಳಾಸ ಪದ್ಧತಿಯಾದ ಐಪಿವಿ6ರಲ್ಲಿ ತೊಂದರೆ ತಿರುಗುಮುರುಗು. ಅಲ್ಲಿ ಒಂದು ಮನೆಗೆ ಎಣಿಸಲಾಗದಷ್ಟು ವಿಳಾಸಗಳು ಸಿಗುವುದರಿಂದ ಒಂದು ವಿಳಾಸ ತಡೆದರೆ ಏನೂ ಆಗುವುದಿಲ್ಲ, ಮೊದಲ 64 ಬಿಟ್‌ಗಳನ್ನು ಹಿಡಿದು ಇಡೀ ಮನೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇನ್ನು ವಿಳಾಸ ಬಿಟ್ಟು ಖಾತೆಯನ್ನೇ ಲಾಕ್ ಮಾಡುವ ಉಪಾಯ. ಬ್ಯಾಂಕಿನವರು ಮಾಡುವುದಿಲ್ಲವೇ ಎಂದು ಕೇಳುತ್ತಾರೆ. ಆದರೆ ಐದು ತಪ್ಪಿಗೆ ಖಾತೆ ಮುಚ್ಚುವುದಾದರೆ, ನನ್ನ ಇಮೇಲ್ ವಿಳಾಸ ಗೊತ್ತಿರುವ ಯಾರು ಬೇಕಾದರೂ ನನ್ನ ಮೇಲ್ ನಿಲ್ಲಿಸಬಹುದು, ಮತ್ತು ಇಮೇಲ್ ವಿಳಾಸ ಇರುವುದೇ ಎಲ್ಲರಿಗೂ ಗೊತ್ತಾಗಲೆಂದು. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ 2017ರ ಮಾರ್ಗಸೂಚಿಯಲ್ಲಿ ಒಂದು ಖಾತೆಗೆ ಸತತ 100 ತಪ್ಪು ಪ್ರಯತ್ನಗಳವರೆಗೆ ಅವಕಾಶ ಕೊಟ್ಟದ್ದು ಉದಾರತೆಯಿಂದಲ್ಲ. ಒಳ್ಳೆಯ ಪಾಸ್‌ವರ್ಡಿಗೆ ನೂರು ಊಹೆಯಿಂದ ಏನೂ ಆಗುವುದಿಲ್ಲ, ಐದಕ್ಕೇ ಮುಚ್ಚಿದರೆ ಖಾತೆಯ ಒಡೆಯನಿಗೆ ತೊಂದರೆಯಾಗುತ್ತದೆ. ಅದೇ ಮಾರ್ಗಸೂಚಿ ದೊಡ್ಡಕ್ಷರ–ಚಿಹ್ನೆಗಳ ಕಡ್ಡಾಯವನ್ನು ಕೈಬಿಟ್ಟು, ಹೊಸ ಪಾಸ್‌ವರ್ಡನ್ನು ಸೋರಿಹೋದವುಗಳ ಪಟ್ಟಿಯೊಡನೆ ಹೋಲಿಸಿ ನೋಡಿರೆಂದು ಹೇಳಿತು.

ದೇಶಕ್ಕೆ ದೇಶವನ್ನೇ ತಡೆಯುವ ಸಲಹೆಯೂ ಬರುತ್ತದೆ. ನಮ್ಮವರೆಲ್ಲ ಕರ್ನಾಟಕದಲ್ಲಿಯೇ ಇರುವಾಗ ಹೊರದೇಶದ ಲಾಗಿನ್ ಯಾಕೆ ಬೇಕು ಎಂಬ ಮಾತು ಪುಟ್ಟ ಸಂಸ್ಥೆಗೆ ಒಪ್ಪಬಹುದು. ಆದರೆ ದುಬೈಗೋ ಡಲ್ಲಾಸ್‌ಗೋ ಹೋದವರು ಪ್ರತಿ ಸಂಸ್ಥೆಯಲ್ಲಿಯೂ ಇದ್ದಾರೆ, ವಶವಾದ ಮೋಡೆಮ್‌ಗಳು ಭಾರತದಲ್ಲಿಯೂ ಇವೆ. ಗದ್ದಲ ಕಡಿಮೆಯಾಗುತ್ತದೆ, ಅಷ್ಟರಮಟ್ಟಿಗೆ ಇರಲಿ.

ಗದ್ದಲ ಕಡಿಮೆ ಮಾಡಲು ಇದಕ್ಕಿಂತ ಒಳ್ಳೆಯ ದಾರಿ ಇದೆ, ಅದನ್ನು ಎಷ್ಟೋ ಸರ್ವರುಗಳಲ್ಲಿ ಮಾಡಿರುವುದಿಲ್ಲ. ಬೇರೆ ಸರ್ವರುಗಳಿಂದ ಮೇಲ್ ಬರುವ ಪೋರ್ಟ್ 25 ಜಗತ್ತಿಗೆಲ್ಲ ತೆರೆದಿರಲೇಬೇಕು. ಆದರೆ ಅಲ್ಲಿ ಲಾಗಿನ್ ಕೇಳಬೇಕಾದ ಅಗತ್ಯವೇ ಇಲ್ಲ, ಯಾಕೆಂದರೆ ಪತ್ರ ತಂದುಕೊಡುವ ಇನ್ನೊಂದು ಸರ್ವರಿಗೆ ನಮ್ಮಲ್ಲಿ ಖಾತೆ ಇರುವುದಿಲ್ಲ. ನಮ್ಮ ಬಳಕೆದಾರರು ಕಳಿಸುವುದಕ್ಕೆ 1998ರಲ್ಲಿಯೇ ಪೋರ್ಟ್ 587 ಬೇರೆಯಾಗಿ ಗೊತ್ತಾಗಿತ್ತು, 2018ರ ನಿಯಮಾವಳಿ ಸಂಪರ್ಕದ ಮೊದಲ ಕ್ಷಣದಿಂದಲೇ ಗೂಢಲಿಪಿಯಲ್ಲಿ ಮಾತಾಡುವ 465ಕ್ಕೆ ಒತ್ತು ಕೊಟ್ಟಿತು. ಪೋಸ್ಟ್‌ಫಿಕ್ಸಿನ ಮುಖ್ಯ ಸೆಟ್ಟಿಂಗಿನಲ್ಲಿ ಲಾಗಿನ್ನನ್ನು ಒಟ್ಟಾರೆ ತೆರೆದವರು 25ರಲ್ಲಿಯೂ ಅದನ್ನು ತೆರೆದಿಟ್ಟಂತಾಗುತ್ತದೆ. ಅಲ್ಲಿ ತೆಗೆದು ಆ ಎರಡು ಪೋರ್ಟ್‌ಗಳಿಗೆ ಮಾತ್ರ ಕೊಟ್ಟರೆ 25ರಲ್ಲಿ ಬಂದು ಊಹಿಸುವವರಿಗೆ ಊಹಿಸಲು ಜಾಗವೇ ಉಳಿಯುವುದಿಲ್ಲ. ಫೇಲ್‌ಟುಬ್ಯಾನ್ ಎಣಿಸಿ ತಡೆಯುವುದಕ್ಕಿಂತ ಇದು ಮೇಲು. ಇಲ್ಲಿ ಎಣಿಕೆ ತಪ್ಪುವ ಪ್ರಶ್ನೆಯೇ ಬರುವುದಿಲ್ಲ. ಲಾಗ್ ಓದುವ ಉಪಕರಣಗಳು ಮೋಸಹೋಗುವುದೂ ಉಂಟು. ಬಳಕೆದಾರನ ಹೆಸರಿನ ಜಾಗದಲ್ಲಿ ಬೇರೊಬ್ಬರ ಐಪಿ ವಿಳಾಸವನ್ನು ಜಾಣತನದಿಂದ ತುರುಕಿ, ತಪ್ಪು ಮಾಡದವರನ್ನು ತಡೆಯುವಂತೆ ಮಾಡಬಹುದೆಂದು 2007ರಲ್ಲಿಯೇ ತೋರಿಸಿಕೊಟ್ಟಿದ್ದರು. ಆಮೇಲೆ ಆ ಸಾಲು ಹುಡುಕುವ ಸೂತ್ರಗಳನ್ನು ತಿದ್ದಬೇಕಾಯಿತು.

ಪಾಸ್‌ವರ್ಡ್ ಬಗ್ಗೆ ನಾನು ತಲುಪಿರುವ ನಿಲುವು ಖಚಿತವಾದದ್ದು: ಬಳಕೆದಾರರಿಗೆ ಪಾಸ್‌ವರ್ಡ್ ಆಯ್ದುಕೊಳ್ಳುವ ಕಷ್ಟವನ್ನೇ ಕೊಡಬಾರದು. ಫೋನಿಗೊಂದು, ಲ್ಯಾಪ್‌ಟಾಪಿಗೊಂದು, ಕಚೇರಿಯ ಸ್ಕ್ಯಾನರಿಗೊಂದು ಎಂದು ಸರ್ವರೇ ಉದ್ದನೆಯ ಪಾಸ್‌ವರ್ಡ್ ಹುಟ್ಟಿಸಿ ಕೊಡಬೇಕು. ಒಮ್ಮೆ ಹಾಕಿದರೆ ಸಾಧನ ನೆನಪಿಟ್ಟುಕೊಳ್ಳುತ್ತದೆ, ಮನುಷ್ಯ ನೆನಪಿಡಬೇಕಾಗಿಲ್ಲ. ಜನ ಇದನ್ನು ಒಪ್ಪುವುದಿಲ್ಲ, ಬೆಳಗಿನಿಂದ ಸಂಜೆಯವರೆಗೆ ಫೋನು ಬರುತ್ತಲೇ ಇರುತ್ತದೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬಳಸುವವರ ಕಿರಿಕಿರಿ ನಿಜವಾದದ್ದು. ಆದರೆ ಆ ಕಿರಿಕಿರಿ ಸಾಧನಕ್ಕೆ ಒಂದು ಸಲ. ಫೋನು ಕಳೆದುಹೋದಾಗ ಅದೊಂದರ ಪಾಸ್‌ವರ್ಡನ್ನು ಮಾತ್ರ ರದ್ದು ಮಾಡಿದರೆ ಮುಗಿಯಿತು. ಬೇರೆ ಯಾವುದೋ ಅಂಗಡಿಯ ತಾಣದಿಂದ ಆ ವ್ಯಕ್ತಿಯ ಪಾಸ್‌ವರ್ಡ್ ಸೋರಿದರೂ ನಮ್ಮ ಸರ್ವರಿಗೆ ಅದು ಹೊಂದುವುದಿಲ್ಲ. ಈ ಕೊನೆಯದು ಮುಖ್ಯ, ಯಾಕೆಂದರೆ ಈಗಿನ ದಾಳಿಗಳಲ್ಲಿ ಎಷ್ಟೋ ಸಲ ಊಹೆಯೇ ಇರುವುದಿಲ್ಲ. ಬೇರೆ ಕಡೆ ಸೋರಿದ ನಿಜವಾದ ಪಾಸ್‌ವರ್ಡನ್ನೇ ತಂದು ಮೊದಲ ಸಲಕ್ಕೇ ಒಳಗೆ ಬರುತ್ತಾರೆ. ತಪ್ಪಿದ ಲಾಗಿನ್ನಿನ ಒಂದು ಸಾಲೂ ಬರುವುದಿಲ್ಲ. ಎರಡನೇ ಹಂತದ ದೃಢೀಕರಣ ಇದಕ್ಕೆ ಒಳ್ಳೆಯ ಉತ್ತರ, ಆದರೆ ಮೇಲ್ ಓದುವ ಹಳೆಯ ಐಮ್ಯಾಪ್ ಮತ್ತು ಪಾಪ್ ಪದ್ಧತಿಗಳಲ್ಲಿ ಬರೀ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಬರುವ ದಾರಿ ತೆರೆದಿದ್ದರೆ ಅದು ವ್ಯರ್ಥ. ಮೈಕ್ರೋಸಾಫ್ಟ್ ತನ್ನ ಎಕ್ಸ್‌ಚೇಂಜ್ ಆನ್‌ಲೈನ್‌ನಲ್ಲಿ 2022ರ ಅಕ್ಟೋಬರಿನಿಂದ ಆ ದಾರಿಯನ್ನು ಮುಚ್ಚತೊಡಗಿದ್ದು ಇದೇ ಕಾರಣಕ್ಕೆ.

ಇಷ್ಟೆಲ್ಲ ಯಾಕೆ, ಸರ್ವರನ್ನು ಮುಚ್ಚಿ ದೊಡ್ಡ ಕಂಪನಿಯೊಂದಕ್ಕೆ ಮೇಲ್ ಒಪ್ಪಿಸಿಬಿಡಬಹುದಲ್ಲ ಎನ್ನುವವರ ಮಾತಿನಲ್ಲಿ ಸತ್ಯವಿದೆ. ಕೋಟ್ಯಂತರ ಖಾತೆಗಳನ್ನು ಒಟ್ಟಿಗೆ ನೋಡುವವರಿಗೆ, ಒಂದು ವಿಳಾಸದಿಂದ ಹತ್ತು ಸಾವಿರ ಬೇರೆ ಬೇರೆ ಖಾತೆಗಳಿಗೆ ಒಂದೊಂದೇ ಊಹೆ ಬಿದ್ದದ್ದು ಕಾಣುತ್ತದೆ. ಐವತ್ತು ಖಾತೆಯ ನಮ್ಮ ಸರ್ವರಿಗೆ ಅದು ಕಾಣುವುದಿಲ್ಲ. ಆದರೆ 2024ರಲ್ಲಿ ಪ್ರಕಟವಾದ ಪ್ರಕರಣ ನಡೆದದ್ದು ಅಂಥ ದೊಡ್ಡವರಲ್ಲಿಯೇ, ಮರೆತುಬಿಟ್ಟ ಒಂದೇ ಒಂದು ಖಾತೆಯಿಂದ. ಚಿಕ್ಕ ಸರ್ವರಿಗೂ ಒಂದು ಅನುಕೂಲವಿದೆ: ಅದನ್ನು ನೋಡಿಕೊಳ್ಳುವವನಿಗೆ ತನ್ನ ಜನ ಗೊತ್ತು. ಲೆಕ್ಕಪತ್ರ ನೋಡುವವರು ಮಂಗಳೂರಿನಲ್ಲಿದ್ದಾರೆ, ರಾತ್ರಿ ಹನ್ನೊಂದರ ಮೇಲೆ ಮೇಲ್ ತೆರೆಯುವುದಿಲ್ಲ ಎಂದು ಅವನಿಗೆ ತಿಳಿದಿರುತ್ತದೆ. ಅವರ ಖಾತೆಗೆ ನಡುರಾತ್ರಿ ಮೂರಕ್ಕೆ ಬೇರೊಂದು ಖಂಡದಿಂದ ಬಂದ ಯಶಸ್ವಿ ಲಾಗಿನ್ ಅವನ ಕಣ್ಣಿಗೆ ಕೂಡಲೇ ಬೀಳುತ್ತದೆ, ಅವನು ಆ ಸಾಲನ್ನು ನೋಡಿದರೆ.

ಅದನ್ನು ನೋಡುವುದು ಕಷ್ಟದ ಕೆಲಸವೂ ಅಲ್ಲ. ತಪ್ಪಿದ ಲಾಗಿನ್ನುಗಳು ದಿನಕ್ಕೆ ಸಾವಿರಾರು ಇದ್ದರೂ, ಯಶಸ್ವಿಯಾದವುಗಳಲ್ಲಿ ಹೊಸ ಜಾಲ, ಹೊಸ ದೇಶದಿಂದ ಬಂದವನ್ನಷ್ಟೇ ಹೆಕ್ಕಿದರೆ ಐವತ್ತು ಖಾತೆಯ ಸರ್ವರಿನಲ್ಲಿ ಕೆಲವೇ ಸಾಲುಗಳು ಉಳಿಯುತ್ತವೆ. ಒಂದು ಸಣ್ಣ ಸ್ಕ್ರಿಪ್ಟ್ ಅವನ್ನು ಪ್ರತಿ ಬೆಳಿಗ್ಗೆ ಮೇಲ್ ಮಾಡಬಲ್ಲದು, ಅನುಮಾನವಿದ್ದರೆ ಆ ಬಳಕೆದಾರರಿಗೇ ಫೋನ್ ಮಾಡಿ ಕೇಳಬಹುದು. ಹೊಸದಾಗಿ ಸೇರಿದ ಫಾರ್ವರ್ಡ್ ನಿಯಮಗಳನ್ನೂ ಅದೇ ಪಟ್ಟಿಗೆ ಹಾಕಬೇಕು, ಮೇಲ್‌ಬಾಕ್ಸಿಗೆ ನುಗ್ಗಿದವರು ಗದ್ದಲವಿಲ್ಲದೆ ಪ್ರತಿಗಳನ್ನು ಹೊರಗೆ ಸಾಗಿಸುವುದು ಅವುಗಳಿಂದ. ಒಂದು ಖಾತೆ ಗಂಟೆಗೆ ಎಷ್ಟು ಮಂದಿಗೆ ಕಳಿಸಬಹುದು ಎಂಬುದಕ್ಕೆ ಮಿತಿ ಇಟ್ಟರೆ, ಪಾಸ್‌ವರ್ಡ್ ಕಳ್ಳತನವಾದ ರಾತ್ರಿ ಇಪ್ಪತ್ತು ಸಾವಿರ ಸ್ಪ್ಯಾಮ್ ಹೋಗುವ ಬದಲು ಕೆಲವು ನೂರು ಹೋಗಿ ನಿಲ್ಲುತ್ತದೆ. ಸರ್ವರ್ ಕಪ್ಪುಪಟ್ಟಿಗೆ ಬೀಳುವ ಸಂಭವ ಅಷ್ಟರಮಟ್ಟಿಗೆ ತಗ್ಗುತ್ತದೆ. ಲಾಗ್‌ಗಳನ್ನು 180 ದಿನ ಕಾಪಾಡಿಡಬೇಕು, ಭದ್ರತಾ ಘಟನೆಗಳನ್ನು ಆರು ಗಂಟೆಯೊಳಗೆ ವರದಿ ಮಾಡಬೇಕು ಎಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್‌–ಇನ್ 2022ರ ಏಪ್ರಿಲ್ 28ರಂದು ಆದೇಶ ಹೊರಡಿಸಿದಾಗ ಅದು ಭಾರವೆಂದು ಹಲವರು ಗೊಣಗಿದ್ದರು. ಸಣ್ಣ ಸಂಸ್ಥೆಗೆ ಆರು ಗಂಟೆಯ ಗಡುವು ಕಠಿಣ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ 180 ದಿನದ ಮಾತು ಸರಿಯಾದದ್ದು. ಇನ್‌ವಾಯ್ಸ್ ಮೋಸ ಬೆಳಕಿಗೆ ಬರುವುದು ಹಣ ಸೇರಬೇಕಾದವರಿಗೆ ಸೇರಿಲ್ಲವೆಂದು ವಾರಗಳೋ ತಿಂಗಳುಗಳೋ ಕಳೆದ ಮೇಲೆ ಗೊತ್ತಾದಾಗ. ಆಗ ಹುಡುಕಬೇಕಾಗುವುದು ಆ ಖಾತೆಗೆ ಅಪರಿಚಿತ ಜಾಲದಿಂದ ಮೊದಲ ಸಲ ಯಶಸ್ವಿಯಾದ ಲಾಗಿನ್ನಿನ ಸಾಲನ್ನು, ಅದರ ತಾರೀಖನ್ನು, ಅಂದಿನಿಂದ ಆ ಖಾತೆಯಲ್ಲಿ ಯಾವ ಯಾವ ಪತ್ರಗಳು ಓದಲ್ಪಟ್ಟವು, ಹೊರಗೆ ಹೋದವು ಎಂಬುದನ್ನು. ಲಾಗ್‌ಗಳನ್ನು ವಾರಕ್ಕೊಮ್ಮೆ ಅಳಿಸುವ ಸರ್ವರಿನಲ್ಲಿ ಆ ಸಾಲು ಆಗ ಸಿಗುವುದಿಲ್ಲ.